ಒಂದೇ ಸಂಗೀತ, ಊರಿಗೊಂದು ಗೋಡೆ: ಯುವ ವಾದ್ಯವೃಂದದೊಂದಿಗೆ ಇಟಲಿಯಲ್ಲಿ

ಈ ಬೇಸಿಗೆಯಲ್ಲಿ ನನ್ನ ಮಗಳು ವಿಯೋಲಾ (ವಯಲಿನ್ನಿಗಿಂತ ತುಸು ದೊಡ್ಡ, ತಗ್ಗು ದನಿಯ ತಂತಿವಾದ್ಯ) ನುಡಿಸುವ ಯುವ ವಾದ್ಯವೃಂದವು ಇಟಲಿಯಲ್ಲಿ ಕಛೇರಿ ಪ್ರವಾಸ ಕೈಗೊಂಡಿತು. ಮಕ್ಕಳನ್ನು ನೋಡಿಕೊಳ್ಳಲೆಂದು ಜೊತೆಗೆ ಹೊರಟ ಕೆಲವು ಪೋಷಕರಲ್ಲಿ ನಾನೂ ಒಬ್ಬಳಾಗಿದ್ದೆ. ನಾವು ನೆಲೆಸಿರುವುದು ದಕ್ಷಿಣ ಜರ್ಮನಿಯಲ್ಲಿ. ವಾದ್ಯವೃಂದದಲ್ಲಿರುವವರು ಹದಿನಾಲ್ಕರಿಂದ ಇಪ್ಪತ್ತೊಂದು ವರ್ಷದೊಳಗಿನ ಹುಡುಗ ಹುಡುಗಿಯರು. ಹೆಚ್ಚಿನವರು ಶಾಲೆ ಕಾಲೇಜುಗಳಲ್ಲಿ ಬೇರೇನನ್ನೋ ಓದುತ್ತಾ, ಸಂಜೆಗಳನ್ನು ಸಂಗೀತಕ್ಕೆ ಮೀಸಲಿಟ್ಟವರು. ಹಿಂತಿರುಗಿದ ಮೇಲೆ ಫೋನ್ ಮಾಡಿದ ಬಂಧುಗಳೆಲ್ಲ ವೆನಿಸ್ಸಿನ ದೋಣಿಗಳ ಬಗ್ಗೆ, ರೋಮಿನ ಹಳೆಯ ಕಟ್ಟಡಗಳ ಬಗ್ಗೆ ಕೇಳಿದರು. ಅವುಗಳ ಕುರಿತು ಬರೆದವರು ಬಹಳ ಮಂದಿ ಇದ್ದಾರೆ. ನನಗೆ ಬರೆದಿಡಬೇಕೆನಿಸಿದ್ದು ಒಂದೇ ಕಾರ್ಯಕ್ರಮವನ್ನು ಪ್ರತಿ ಸಂಜೆ ಬೇರೆ ಬೇರೆ ಕಟ್ಟಡದಲ್ಲಿ ನುಡಿಸಬೇಕಾಗಿ ಬಂದಾಗ ಈ ಮಕ್ಕಳು ಕೇಳುವುದನ್ನು ಹೇಗೆ ಕಲಿತರು ಎಂಬುದನ್ನು. ಆ ಕಲಿಕೆಗೆ ಇಟಲಿಯಷ್ಟು ಒದಗಿಬರುವ ದೇಶ ಇನ್ನೊಂದಿರಲಾರದು ಎಂಬುದು ನನ್ನ ಈಗಿನ ದೃಢ ಅಭಿಪ್ರಾಯ.

ನಿರ್ದೇಶಕರು ಆರಿಸಿದ್ದ ಕೃತಿಗಳು ಮೂರು. ಮೊದಲನೆಯದು ರೊಸ್ಸೀನಿಯ ‘ಲಿಟಾಲಿಯಾನಾ ಇನ್ ಅಲ್ಜೇರಿ’ ಒಪೆರಾದ, ಅಂದರೆ ಸಂಗೀತ ನಾಟಕದ, ಪೀಠಿಕಾ ಸಂಗೀತ. 1813ರಲ್ಲಿ ವೆನಿಸ್ಸಿನಲ್ಲಿ ಆ ಒಪೆರಾ ಮೊದಲ ಬಾರಿಗೆ ರಂಗವೇರಿದಾಗ ರೊಸ್ಸೀನಿಗೆ ಇಪ್ಪತ್ತೊಂದು ವರ್ಷ. ಎರಡನೆಯದು ವಿವಾಲ್ದಿಯು 1711ರಲ್ಲಿ ಪ್ರಕಟಿಸಿದ ಹನ್ನೆರಡು ಕಾನ್ಸರ್ಟೊಗಳ (ಏಕವಾದಕರು ವಾದ್ಯವೃಂದದೊಡನೆ ನುಡಿಸುವ ಕೃತಿಗಳ) ಸಂಗ್ರಹದ ಹತ್ತನೆಯ ಕೃತಿ, ನಾಲ್ಕು ವಯಲಿನ್‌ಗಳಿಗಾಗಿ ಬರೆದದ್ದು. ಇದನ್ನೇ ಮುಂದೆ ಬಾಖ್, ಪಿಯಾನೊದಂಥ ಹಳೆಯ ಕೀಲಿಮಣೆ ವಾದ್ಯಗಳಾದ ನಾಲ್ಕು ಹಾರ್ಪ್ಸಿಕಾರ್ಡ್‌ಗಳಿಗೆ ಹೊಂದಿಸಿಕೊಂಡರು. ಮೂರನೆಯದು, ಇಪ್ಪತ್ತೊಂದರ ಹರೆಯದಲ್ಲಿ ಇಟಲಿಗೆ ಬಂದ ಮೆಂಡೆಲ್ಸೋನ್ ಇಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಮನಸ್ಸಿನಲ್ಲಿಟ್ಟುಕೊಂಡು ರಚಿಸಿ 1833ರಲ್ಲಿ ಲಂಡನ್ನಿನಲ್ಲಿ ತಾವೇ ನಿರ್ದೇಶಿಸಿದ ‘ಇಟಾಲಿಯನ್’ ಸಿಂಫನಿ, ಅಂದರೆ ಹಲವು ಭಾಗಗಳ ದೊಡ್ಡ ವಾದ್ಯವೃಂದ ಕೃತಿ. ಈ ಆಯ್ಕೆ ನನಗೆ ಬಹಳ ಹಿಡಿಸಿತು. ನಾಲ್ಕು ವಯಲಿನ್‌ಗಳ ಕೃತಿಯಿದ್ದುದರಿಂದ ಏಕವಾದಕರ ಸ್ಥಾನ ಒಬ್ಬರಿಗೇ ಮೀಸಲಾಗಲಿಲ್ಲ; ಊರಿಂದೂರಿಗೆ ಬೇರೆ ಬೇರೆ ಮಕ್ಕಳು ಮುಂದೆ ಬಂದು ನಿಂತರು, ಮತ್ತು ಒಬ್ಬರು ಮುಗಿಸಿದ ವಾಕ್ಯವನ್ನು ಇನ್ನೊಬ್ಬರು ಎತ್ತಿಕೊಳ್ಳುವ ಆ ರಚನೆಯಲ್ಲಿ ಯಾರೂ ಪಕ್ಕದವರನ್ನು ಮರೆತು ನುಡಿಸುವಂತಿರಲಿಲ್ಲ.

ಆಲ್ಪ್ಸ್ ಪರ್ವತವನ್ನು ನಾವು ದಾಟಿದ್ದು ಸಮುದ್ರಮಟ್ಟದಿಂದ ಸುಮಾರು 1370 ಮೀಟರ್ ಎತ್ತರದಲ್ಲಿರುವ ಬ್ರೆನ್ನರ್ ಕಣಿವೆದಾರಿಯ ಮೂಲಕ. 1769ರ ಡಿಸೆಂಬರಿನ ಚಳಿಯಲ್ಲಿ ಹದಿಮೂರು ವರ್ಷದ ಮೊತ್ಸಾರ್ಟ್ ತಂದೆಯ ಜೊತೆ ಕುದುರೆಗಾಡಿಯಲ್ಲಿ ಬಂದದ್ದೂ ಇದೇ ದಾರಿಯಲ್ಲಿ. ದಾರಿಯಲ್ಲಿ ಸಿಗುವ ರೊವೆರೆತೊ ಊರಿನಲ್ಲಿ ಆ ಹುಡುಗ ಕ್ರಿಸ್ಮಸ್ ಸಮಯದಲ್ಲಿ ಇಟಲಿಯ ತನ್ನ ಮೊದಲ ಕಛೇರಿ ನೀಡಿದ, ಅಲ್ಲಿನ ಚರ್ಚಿನ ಬೃಹತ್ ಕೊಳವೆವಾದ್ಯವಾದ ಆರ್ಗನ್ ನುಡಿಸಿದ. ಡಿಸೆಂಬರಿನ ಕೊನೆಯಲ್ಲೇ ವೆರೋನಾ ತಲುಪಿದ. ಮುಂದಿನ ವರ್ಷ ಮುಗಿಯುವುದರೊಳಗೆ ಬೊಲೋನ್ಯಾದ ಸಂಗೀತ ಅಕಾಡೆಮಿಯ ಸದಸ್ಯನೂ ಆಗಿ, ಮಿಲಾನಿಗೆ ಒಂದು ಪೂರ್ಣ ಒಪೆರಾವನ್ನೂ ಬರೆದುಕೊಟ್ಟ. ರೊವೆರೆತೊ ಸಮೀಪಿಸಿದಾಗ ನಿರ್ದೇಶಕರು ಬಸ್ಸಿನ ಮೈಕಿನಲ್ಲಿ ಇದನ್ನು ಹೇಳಿದರು. ಹಿಂದಿನ ಸೀಟುಗಳಲ್ಲಿ ಹರಟುತ್ತಿದ್ದ ಹದಿನಾಲ್ಕರ ಮಕ್ಕಳು ಮಾತು ನಿಲ್ಲಿಸಿ ಕಿಟಕಿಯ ಕಡೆ ತಿರುಗಿದರು.

ಮೊದಲ ಕಛೇರಿ ವೆರೋನಾಕ್ಕೆ ಸಮೀಪದ ಸಣ್ಣ ಊರೊಂದರ ಚರ್ಚಿನಲ್ಲಿ. ಸಂಜೆ ಐದರ ತಾಲೀಮಿಗೆಂದು ಮಕ್ಕಳು ವೇದಿಯ ಮುಂದಿನ ಕಲ್ಲುನೆಲದ ಮೇಲೆ ಕುರ್ಚಿಗಳನ್ನು ಜೋಡಿಸಿ ಕುಳಿತರು. ಮೆಂಡೆಲ್ಸೋನರ ಸಿಂಫನಿ ತಂತಿಗಳ ಒಂದೇ ಒಂದು ಮೀಟಿನಿಂದ ಆರಂಭವಾಗುತ್ತದೆ. ಆ ಕೂಡಲೇ ಗಾಳಿವಾದ್ಯಗಳು ಒಂದೇ ಸ್ವರಗುಚ್ಛವನ್ನು ಅತಿವೇಗವಾಗಿ, ಒಂದೇ ಸಮನೆ ಮಿಡಿಯತೊಡಗುತ್ತವೆ, ಅದರ ಮೇಲೆ ವಯಲಿನ್‌ಗಳ ರಾಗ ಚಿಮ್ಮುತ್ತದೆ. ತಿಂಗಳುಗಟ್ಟಲೆ ತಮ್ಮ ತಾಲೀಮು ಕೊಠಡಿಯಲ್ಲಿ ಮುತ್ತು ಪೋಣಿಸಿದ ಹಾಗೆ ನುಡಿಸುತ್ತಿದ್ದ ಈ ಭಾಗ ಅಲ್ಲಿ ಯಾವ ಸ್ವರವೂ ಬಿಡಿಯಾಗಿ ಕೇಳಿಸದ ಒಂದು ಮೊರೆತವಾಗಿಬಿಟ್ಟಿತು. ಕಾರಣ ಸರಳ. ಒಳ್ಳೆಯ ಸಂಗೀತ ಸಭಾಂಗಣದಲ್ಲಿ ಶಬ್ದವು ನಿಂತ ಮೇಲೆ ಅದರ ಅನುರಣನ ಅಡಗಲು ಸುಮಾರು ಎರಡು ಸೆಕೆಂಡು ಹಿಡಿಯುತ್ತದೆ. ಎತ್ತರದ ಕಮಾನು ಛಾವಣಿಯ, ಬರಿಗಲ್ಲಿನ ಚರ್ಚಿನಲ್ಲಿ ಅದು ಐದಾರು ಸೆಕೆಂಡಿನವರೆಗೂ ಉಳಿಯುತ್ತದೆ. ಅಷ್ಟು ಹೊತ್ತಿನಲ್ಲಿ ಗಾಳಿವಾದ್ಯಗಳು ಹತ್ತಾರು ಸ್ವರಗಳನ್ನು ನುಡಿಸಿ ಮುಗಿಸಿರುತ್ತವೆ, ಆ ಎಲ್ಲ ಸ್ವರಗಳೂ ಗಾಳಿಯಲ್ಲಿ ಒಟ್ಟಿಗೇ ತೇಲುತ್ತಿರುತ್ತವೆ.

ನಿರ್ದೇಶಕರು ಆಗ ಮಾಡಿದ್ದು ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಕೆಲಸ. ವೇಗ ತಗ್ಗಿಸಿ ಎಂದು ಆಜ್ಞೆ ಮಾಡುವ ಬದಲು, ಪ್ರತಿ ವಾದ್ಯ ವಿಭಾಗದಿಂದ ಒಬ್ಬೊಬ್ಬರನ್ನು ಎಬ್ಬಿಸಿ, ಪ್ರೇಕ್ಷಕರು ಕೂರುವ ಬೆಂಚುಗಳ ನಡುಭಾಗಕ್ಕೆ ಕಳಿಸಿ, ಉಳಿದವರು ನುಡಿಸುವುದನ್ನು ಅಲ್ಲಿಂದ ಕೇಳಲು ಹೇಳಿದರು. ಕೇಳಿದವರು ತಮ್ಮ ತಂಡಕ್ಕೆ ಮರಳಿ ವರದಿ ಒಪ್ಪಿಸಬೇಕು. ಏನನ್ನು ಬದಲಿಸಬೇಕೆಂಬುದನ್ನು ಆ ತಂಡವೇ ಮೊದಲು ಸೂಚಿಸಬೇಕು. ನನ್ನ ಪಕ್ಕದ ಬೆಂಚಿನಲ್ಲಿ ಕುಳಿತ ಮಗಳು ಸ್ವಲ್ಪ ಹೊತ್ತು ಕೇಳಿ, “ಅಮ್ಮಾ, ಇಲ್ಲಿಗೆ ನಮ್ಮ ವಿಯೋಲಾಗಳು ಕೇಳಿಸುವುದೇ ಇಲ್ಲ, ಎಲ್ಲವನ್ನೂ ಹಾರ್ನ್ ನುಂಗಿಬಿಡುತ್ತಿದೆ” ಎಂದಳು. ಹಾರ್ನ್ ಎಂದರೆ ಸುರುಳಿ ಸುತ್ತಿದ ಹಿತ್ತಾಳೆಯ ಊದುವಾದ್ಯ. ಹಾರ್ನ್‌ನ ಬಾಯಿ ವಾದಕನ ಹಿಂದಕ್ಕೆ ತೆರೆದಿರುತ್ತದೆ. ಅವರ ಬೆನ್ನ ಹಿಂದಿದ್ದ ವೇದಿಕಡೆಯ ಅರ್ಧವೃತ್ತಾಕಾರದ ಗೋಡೆ ಆ ಧ್ವನಿಯನ್ನೆಲ್ಲ ಒಟ್ಟುಗೂಡಿಸಿ ಮುಂದಕ್ಕೆ ಎಸೆಯುತ್ತಿತ್ತು. ಹಾರ್ನ್ ವಾದಕರನ್ನು ಒಂದು ಬದಿಗೆ ಸರಿಸಿ ಓರೆಯಾಗಿ ಕೂರಿಸಿದ ಕೂಡಲೇ ನಡುವಿನ ತಂತಿವಾದ್ಯಗಳು ಹೊರಗೆ ಬಂದವು. ಗಾಳಿವಾದ್ಯದವರು ಸ್ವರಗಳ ಅವಧಿಯನ್ನು ಅರ್ಧಕ್ಕೆ ಇಳಿಸಿ, ಮುಟ್ಟಿ ಬಿಡುವಷ್ಟು ಚಿಕ್ಕದಾಗಿ ನುಡಿಸತೊಡಗಿದರು. ಟಿಂಪನಿ ಎಂಬ ದೊಡ್ಡ ನಗಾರಿಗಳನ್ನು ಬಾರಿಸುವ ಹುಡುಗ ಮೆತ್ತನೆಯ ಕೋಲುಗಳನ್ನು ಪಕ್ಕಕ್ಕಿಟ್ಟು ಗಟ್ಟಿ ತುದಿಯವನ್ನು ಎತ್ತಿಕೊಂಡ. ವೇಗವನ್ನು ತುಸು ತಗ್ಗಿಸಿದ್ದು ಎಲ್ಲಕ್ಕಿಂತ ಕೊನೆಯಲ್ಲಿ.

ರೊಸ್ಸೀನಿಯ ಕೃತಿ ಇನ್ನೂ ನುಣ್ಣನೆಯ ಪಾಠ ಕಲಿಸಿತು. ಅದು ತಂತಿಗಳನ್ನು ಬೆರಳಿನಿಂದ ಮೆಲ್ಲನೆ ಮೀಟುವುದರೊಂದಿಗೆ, ಕಳ್ಳಹೆಜ್ಜೆಯಿಟ್ಟ ಹಾಗೆ ಆರಂಭವಾಗುತ್ತದೆ. ಕೇಳುಗರು ಕಿವಿ ಚುರುಕುಗೊಳಿಸಿದ ಹೊತ್ತಿಗೆ ಇಡೀ ವಾದ್ಯವೃಂದ ಒಮ್ಮೆಲೇ ಗಟ್ಟಿಯಾಗಿ ಅಪ್ಪಳಿಸುತ್ತದೆ, ಆಮೇಲೆ ಮತ್ತೆ ಆ ಮೆಲುಮೀಟು. ಚರ್ಚಿನಲ್ಲಿ ಆ ಅಪ್ಪಳಿಕೆಯ ನಂತರ ಬರೆದಿರುವಷ್ಟೇ ಹೊತ್ತು ಕಾದರೆ, ಮುಂದಿನ ಮೆಲುದನಿಯ ಸ್ವರಗಳು ಹಿಂದಿನ ಗದ್ದಲದೊಳಗೇ ಮುಳುಗಿಹೋಗುತ್ತವೆ. ಎಷ್ಟು ಕಾಯಬೇಕೆಂಬುದನ್ನು ಎಣಿಕೆಯಿಂದ ಹೇಳಲಾಗದು. ಛಾವಣಿಯಲ್ಲಿ ಧ್ವನಿ ತೆಳುವಾಗುತ್ತಾ ಹೋಗುವುದನ್ನು ಎಲ್ಲರೂ ಒಟ್ಟಿಗೇ ಕೇಳಿ, ಒಟ್ಟಿಗೇ ಮುಂದಿನ ಸ್ವರಕ್ಕೆ ಬೆರಳಿಡಬೇಕು. ತಾಲೀಮಿನಲ್ಲಿ ಹದವಾಗಿ ಕುದುರಿದ ಈ ಕಾಯುವಿಕೆ ರಾತ್ರಿ ಜನ ತುಂಬಿದ ಮೇಲೆ ಮತ್ತೆ ಬದಲಾಯಿತು. ಜನರ ಮೈ, ಬಟ್ಟೆಗಳು ಶಬ್ದವನ್ನು ಹೀರಿಕೊಳ್ಳುವುದರಿಂದ ಅನುರಣನ ಕಡಿಮೆಯಾಗಿತ್ತು. ಮಕ್ಕಳು ಅದನ್ನು ಮೊದಲ ಅಪ್ಪಳಿಕೆಯಲ್ಲೇ ಗುರುತಿಸಿ, ನಿರ್ದೇಶಕರ ಕೈಯನ್ನು ನೋಡುತ್ತಾ ಮುಂಚಿತವಾಗಿಯೇ ಒಳಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅದೇ ರಾತ್ರಿ ಶ್ರುತಿಯ ವಿಷಯವೂ ಎದುರಾಯಿತು. ಪ್ರೇಕ್ಷಕರು ಮತ್ತೊಂದು ಕೃತಿ ಕೇಳಿದಾಗ ನುಡಿಸಲೆಂದು ಮಸ್ಕಾನ್ಯಿಯ ‘ಕವಲ್ಲೇರಿಯಾ ರುಸ್ತಿಕಾನಾ’ ಒಪೆರಾದ ಇಂಟರ್ಮೆತ್ಸೊ (ದೃಶ್ಯಗಳ ನಡುವೆ ವಾದ್ಯವೃಂದ ಮಾತ್ರ ನುಡಿಸುವ ತುಣುಕು) ಸಿದ್ಧವಾಗಿತ್ತು, ಅದರಲ್ಲಿ ಆರ್ಗನ್ ಇದೆ. ಚರ್ಚಿನ ಆರ್ಗನ್ ನುಡಿಸುವ ಹಿರಿಯರು ಜೊತೆಗೂಡಲು ಒಪ್ಪಿದ್ದರು. ವಾದ್ಯವೃಂದದಲ್ಲಿ ಸಾಮಾನ್ಯವಾಗಿ ಓಬೋ ಎಂಬ ಗಾಳಿವಾದ್ಯ ಕೊಡುವ ಸ್ವರಕ್ಕೆ ಎಲ್ಲರೂ ಶ್ರುತಿ ಸೇರಿಸುತ್ತಾರೆ; ಆ ಸ್ವರ ಸೆಕೆಂಡಿಗೆ 440 ಕಂಪನಗಳಿರಬೇಕೆಂದು ಇಟಲಿಯಲ್ಲಿ 1989ರಲ್ಲಿ ಕಾನೂನನ್ನೇ ಮಾಡಿದ್ದಾರೆ. ಆದರೆ ಕೊಳವೆ ಆರ್ಗನ್ನಿನ ಶ್ರುತಿ ಒಳಗಿನ ಗಾಳಿಯ ಉಷ್ಣತೆಯ ಜೊತೆಗೇ ಏರುತ್ತದೆ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಅಲ್ಲಿ ಶಬ್ದದ ವೇಗ ಹೆಚ್ಚಿ, 440 ಇದ್ದದ್ದು 447ರ ಹತ್ತಿರ ಹೋಗುತ್ತದೆ. ಸಾವಿರಾರು ಕೊಳವೆಗಳನ್ನು ಒಂದು ಸಂಜೆಗಾಗಿ ಯಾರೂ ತಿದ್ದಲಾರರು. ಆದ್ದರಿಂದ ಆ ರಾತ್ರಿ ಓಬೋ ವಾದಕಿಯು ಆರ್ಗನ್ನಿನಿಂದ ಸ್ವರ ಪಡೆದು ಉಳಿದವರಿಗೆ ದಾಟಿಸಿದಳು. ಸೆಖೆಯಲ್ಲಿ ಗಾಳಿವಾದ್ಯಗಳ ಶ್ರುತಿ ತಾನಾಗಿಯೇ ಮೇಲೇರುವುದರಿಂದ ಅವರಿಗೆ ಕಷ್ಟವಾಗಲಿಲ್ಲ, ಬಿಗಿದುಕೊಳ್ಳಬೇಕಾಗಿ ಬಂದದ್ದು ತಂತಿವಾದ್ಯದವರು.

ವೆನಿಸ್ಸಿನಲ್ಲಿ ನಮ್ಮ ಕಛೇರಿ ಇರಲಿಲ್ಲ, ಒಂದು ಹಗಲಿನ ಭೇಟಿ ಮಾತ್ರ. ಸಾನ್ ಮಾರ್ಕೊ ಬೆಸಿಲಿಕಾದೊಳಗೆ ಗರ್ಭಗುಡಿಯಂಥ ಭಾಗದ ಎರಡೂ ಪಕ್ಕಗಳಲ್ಲಿ ಎದುರುಬದುರಾಗಿ ಆರ್ಗನ್ ಅಟ್ಟಗಳಿವೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿ ಗಾಯಕರನ್ನೂ ವಾದಕರನ್ನೂ ಗುಂಪುಗಳಾಗಿ ಬೇರೆ ಬೇರೆ ಕಡೆ ನಿಲ್ಲಿಸಿ, ಒಂದು ಗುಂಪಿನ ಪ್ರಶ್ನೆಗೆ ಇನ್ನೊಂದು ಗುಂಪು ಉತ್ತರಿಸುವಂಥ ಸಂಗೀತವನ್ನು ಬೆಳೆಸಿದರು. ಇಲ್ಲಿನ ಆರ್ಗನ್ ವಾದಕರಾಗಿದ್ದ ಜೊವಾನ್ನಿ ಗಾಬ್ರಿಯೇಲಿಯು 1597ರಲ್ಲಿ ಪ್ರಕಟಿಸಿದ ‘ಸೊನಾಟಾ ಪಿಯಾನ್ ಎ ಫೋರ್ತೆ’ಯಲ್ಲಿ ಯಾವ ವಾದ್ಯ, ಎಲ್ಲಿ ಮೆಲ್ಲಗೆ, ಎಲ್ಲಿ ಗಟ್ಟಿಯಾಗಿ ಎಂಬುದನ್ನು ಸ್ಪಷ್ಟವಾಗಿ ಅಚ್ಚು ಮಾಡಿಸಿದರು, ಹಾಗೆ ಬರೆದ ಮೊಟ್ಟಮೊದಲ ಕೃತಿಗಳಲ್ಲಿ ಅದೂ ಒಂದು. ಹಿಂದಿನ ಸಂಜೆ ತಾನೇ ಕಲ್ಲಿನ ಕಟ್ಟಡದೊಂದಿಗೆ ಸೆಣಸಿದ್ದ ಮಕ್ಕಳಿಗೆ, ಆ ದೀರ್ಘ ಅನುರಣನವನ್ನು ತೊಡಕೆಂದು ಭಾವಿಸದೆ ಅದನ್ನೇ ಕಚ್ಚಾವಸ್ತುವನ್ನಾಗಿ ಮಾಡಿಕೊಂಡ ಸಂಗೀತಗಾರರಿದ್ದರೆಂಬುದು ಬಾಯಿಮಾತಿನ ವಿವರಣೆಯಿಲ್ಲದೆಯೇ ಅರ್ಥವಾಯಿತು.

ಅಲ್ಲಿಂದ ಕಡಲಂಚಿನ ದಾರಿಯಲ್ಲಿ ಸ್ವಲ್ಪ ನಡೆದರೆ ಪಿಯೆತಾ ಚರ್ಚು ಸಿಗುತ್ತದೆ. ಈಗ ಕಾಣುವ ಕಟ್ಟಡ ವಿವಾಲ್ದಿ ತೀರಿಕೊಂಡ ಮೇಲೆ ಕಟ್ಟಿದ್ದು. ಆದರೆ ಇಲ್ಲಿದ್ದ ಅನಾಥಾಲಯದಲ್ಲಿಯೇ ಅವರು 1703ರಲ್ಲಿ ವಯಲಿನ್ ಶಿಕ್ಷಕರಾಗಿ ಸೇರಿದ್ದು. ಹೆತ್ತವರು ಬಿಟ್ಟುಹೋದ ಶಿಶುಗಳನ್ನು ಸಾಕುತ್ತಿದ್ದ ಈ ಸಂಸ್ಥೆಯಲ್ಲಿ ಪ್ರತಿಭೆಯಿದ್ದ ಹುಡುಗಿಯರಿಗೆ ಸಂಗೀತ ಕಲಿಸುತ್ತಿದ್ದರು. ಹಿರಿಯ ಹುಡುಗಿಯರು ಕಿರಿಯರಿಗೆ ಪಾಠ ಹೇಳುತ್ತಿದ್ದರು. ಅವರ ವಾದ್ಯವೃಂದವನ್ನು ಕೇಳಲು ಯುರೋಪಿನ ಎಲ್ಲೆಡೆಯಿಂದ ಪ್ರವಾಸಿಗರು ಬರುತ್ತಿದ್ದರು. ನುಡಿಸುವವರು ಅಟ್ಟದ ಮೇಲೆ ಕಬ್ಬಿಣದ ಜಾಲರಿಯ ಹಿಂದೆ ಕೂರುತ್ತಿದ್ದರು, ಆದ್ದರಿಂದ ಕೇಳುಗರಿಗೆ ಅವರ ಮುಖಗಳು ಸರಿಯಾಗಿ ಕಾಣುತ್ತಿರಲಿಲ್ಲ. ಅವರಲ್ಲಿ ಅತ್ಯಂತ ಹೆಸರಾದ ಆನ್ನಾ ಮರಿಯಾ ಎಂಬಾಕೆಗೆ ಮನೆತನದ ಹೆಸರಿರಲಿಲ್ಲ, ಆಕೆ ನುಡಿಸುತ್ತಿದ್ದ ವಯಲಿನ್ನಿನ ಹೆಸರೇ ಆಕೆಯ ಹೆಸರಿನ ಭಾಗವಾಯಿತು. ವಿವಾಲ್ದಿ ಹಲವು ಕಾನ್ಸರ್ಟೊಗಳನ್ನು ಆಕೆಗಾಗಿ ಬರೆದರು. ಆಕೆ ಅಲ್ಲಿಯೇ ಶಿಕ್ಷಕಿಯಾಗಿ ಬೆಳೆದು, 1782ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಬಾಳಿದಳು. ಇಟಲಿಯ ಯುವ ವಾದ್ಯವೃಂದಗಳ ಚರಿತ್ರೆಯನ್ನು ಯಾರಾದರೂ ಬರೆದರೆ ಮೊದಲ ಅಧ್ಯಾಯ ಈ ಹುಡುಗಿಯರಿಗೇ ಸಲ್ಲಬೇಕು. ನಾಲ್ಕು ವಯಲಿನ್‌ಗಳ ಕೃತಿಯಲ್ಲಿ ಎರಡನೆಯ ಭಾಗ ನುಡಿಸುತ್ತಿದ್ದ ಹದಿನೈದರ ಹುಡುಗಿ ಅಲ್ಲಿಂದ ಹೊರಡಲು ಮನಸ್ಸಿಲ್ಲದೆ, ಗೋಡೆಯ ಮೇಲಿನ ಬರಹಗಳನ್ನು ತನಗೆ ಬರುವ ಅಲ್ಪಸ್ವಲ್ಪ ಇಟಾಲಿಯನ್ನಿನಲ್ಲಿ ಓದುತ್ತಾ ನಿಂತಳು. ಅವಳನ್ನು ಅವಸರಪಡಿಸಲು ನನಗೆ ಮನಸ್ಸಾಗಲಿಲ್ಲ.

ಕ್ರೆಮೊನಾಗೆ ನಾವು ಹೋದದ್ದು ಕೇಳುವುದಕ್ಕಾಗಿ. ಅಮಾತಿ, ಸ್ತ್ರಾದಿವಾರಿ, ಗ್ವಾರ್ನೇರಿ ಕುಟುಂಬಗಳು ವಯಲಿನ್ ಮಾಡಿದ ಈ ಊರಿನ ಕಸುಬನ್ನು ಯುನೆಸ್ಕೊ 2012ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 2013ರಲ್ಲಿ ಆರಂಭವಾದ ವಯಲಿನ್ ಮ್ಯೂಸಿಯಮ್ಮಿನಲ್ಲಿ ಹಳೆಯ ವಾದ್ಯಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಸುಮ್ಮನೆ ಇಟ್ಟಿಲ್ಲ. ಅವುಗಳನ್ನು ಆಗಾಗ ಹೊರತೆಗೆದು ನುಡಿಸುತ್ತಾರೆ. ಅದಕ್ಕೆಂದೇ ಜಪಾನಿನ ಧ್ವನಿತಜ್ಞ ಯಾಸುಹಿಸಾ ತೊಯೊತಾ ರೂಪಿಸಿದ ಸಣ್ಣ ಸಭಾಂಗಣವೊಂದು ಅದೇ ಕಟ್ಟಡದಲ್ಲಿದೆ, ಅದರಲ್ಲಿ ಕೇಳುಗರು ವೇದಿಕೆಯ ಸುತ್ತ ಕೂರುತ್ತಾರೆ. 2019ರ ಆರಂಭದಲ್ಲಿ ಈ ವಾದ್ಯಗಳ ಒಂದೊಂದು ಸ್ವರವನ್ನೂ ಧ್ವನಿಮುದ್ರಿಸುವ ಕೆಲಸ ನಡೆದಾಗ, ಸುತ್ತಲಿನ ಬೀದಿಗಳ ವಾಹನ ಸಂಚಾರವನ್ನು ತಡೆದು, ಸದ್ದು ಮಾಡಬೇಡಿರೆಂದು ಮೇಯರ್ ನಾಗರಿಕರನ್ನು ಕೇಳಿಕೊಂಡಿದ್ದರು. ಒಂದು ಊರು ವಾರಗಟ್ಟಲೆ ವಯಲಿನ್ನಿಗಾಗಿ ದನಿ ತಗ್ಗಿಸಿತೆಂಬುದು ನಾನು ಈ ಪ್ರವಾಸದಲ್ಲಿ ತಿಳಿದುಕೊಂಡ ಅತ್ಯಂತ ಪ್ರಿಯವಾದ ಸಂಗತಿ.

ಪೋ ನದಿಯ ಬಯಲಿನ ತೇವಭರಿತ ಸೆಖೆ ನಮ್ಮ ವಾದ್ಯಗಳಿಗೆ ಒಗ್ಗಿರಲಿಲ್ಲ. ಮರ ತೇವವನ್ನು ಹೀರಿ ಹಿಗ್ಗುತ್ತದೆ; ಶ್ರುತಿಯ ಬಿರಡೆಗಳು ಬಿಗಿದುಕೊಳ್ಳುತ್ತವೆ, ಮುಂಬದಿಯ ಹಲಗೆ ಉಬ್ಬಿ ತಂತಿಗಳು ಮೇಲೇಳುತ್ತವೆ. ಒಬ್ಬ ಹುಡುಗಿಯ ಚೆಲ್ಲೊದ ದನಿ ಒಡೆದಂತೆ ಕೇಳಿಸತೊಡಗಿತ್ತು. ಕ್ರೆಮೊನಾದ ಓಣಿಯೊಂದರ ಸಣ್ಣ ಕಾರ್ಯಾಗಾರಕ್ಕೆ ಅದನ್ನು ಒಯ್ದೆವು. ಒಳಗೆ ವಾರ್ನಿಷ್ ಮತ್ತು ಹೊಸ ಮರದ ವಾಸನೆ. ಹಗ್ಗಕ್ಕೆ ತೂಗುಹಾಕಿದ, ಇನ್ನೂ ಬಣ್ಣ ಕಾಣದ ವಯಲಿನ್‌ಗಳು. ಕುಶಲಕರ್ಮಿಯು ಚೆಲ್ಲೊವನ್ನು ತೊಡೆಗೆ ಆನಿಸಿಕೊಂಡು, ದೀಪ ಹಿಡಿದು, ಮುಂಬದಿಯ ರಂಧ್ರದಿಂದ ಒಳಗೆ ನೋಡಿದರು. ಮುಂಬದಿಯ ಸ್ಪ್ರೂಸ್ ಹಲಗೆಗೂ ಹಿಂಬದಿಯ ಮೇಪಲ್ ಹಲಗೆಗೂ ನಡುವೆ, ಅಂಟು ಹಾಕದೆ, ಬರೀ ಒತ್ತಡದಿಂದ ನಿಂತಿರುವ ಪುಟ್ಟ ಮರದ ಕಂಬವೊಂದು ಪ್ರತಿ ವಯಲಿನ್ ಜಾತಿಯ ವಾದ್ಯದೊಳಗೂ ಇರುತ್ತದೆ. ಬಾಗಿದ ಉಕ್ಕಿನ ಸಲಕರಣೆಯೊಂದನ್ನು ರಂಧ್ರದೊಳಗೆ ತೂರಿಸಿ ಅವರು ಆ ಕಂಬವನ್ನು ಕೂದಲೆಳೆಯಷ್ಟು ಸರಿಸಿ, ನುಡಿಸು ಎಂದು ಸನ್ನೆ ಮಾಡಿದರು. ಅವಳು ಕೆಳಗಿನ ತಂತಿಯ ಮೇಲೆ ಕಮಾನನ್ನು ಉದ್ದಕ್ಕೆ ಎಳೆದಳು. ಅವರು ತಲೆಯಾಡಿಸಿ ಮತ್ತೆ ಸರಿಸಿದರು. ಹೀಗೆ ಬಹಳ ಹೊತ್ತು ನಡೆಯಿತು. ಅವರು ವಾದ್ಯದ ಕಡೆ ನೋಡುತ್ತಲೇ ಇರಲಿಲ್ಲ, ಕಿಟಕಿಯ ಕಡೆ ಮುಖ ಮಾಡಿ ಕೇಳುತ್ತಿದ್ದರು. ಕೊನೆಯಲ್ಲಿ ದನಿ ಒಮ್ಮೆಲೇ ತುಂಬಿಕೊಂಡಾಗ, ಅವರು ಏನಾದರೂ ಹೇಳುವ ಮೊದಲೇ ಆ ಹುಡುಗಿ “ಇದೇ” ಎಂದಳು. ಅವರು ಹಣ ತೆಗೆದುಕೊಳ್ಳಲು ಒಪ್ಪಲಿಲ್ಲ.

ಎಮಿಲಿಯಾ-ರೊಮಾನ್ಯಾ ಸೀಮೆಯ ಊರೊಂದರ ಹಳೆಯ ರಂಗಮಂದಿರದಲ್ಲಿ ನಡೆದ ಕಛೇರಿಯ ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ಲಾಳಾಕಾರದಲ್ಲಿ ಸುತ್ತುವರಿದ ಮಹಡಿಗಳು, ಮಖಮಲ್ಲಿನ ಆಸನಗಳು, ಬಣ್ಣ ಬಳಿದ ಮರದ ಗೋಡೆಗಳು. ಒಪೆರಾದ ಮಾತುಗಳು ಸ್ಪಷ್ಟವಾಗಿ ಕೇಳಲೆಂದು ಕಟ್ಟಿದ ಇಂಥ ಮಂದಿರಗಳಲ್ಲಿ ಅನುರಣನ ಒಂದು ಸೆಕೆಂಡಿಗಿಂತ ತುಸು ಹೆಚ್ಚಿರುತ್ತದೆ, ಅಷ್ಟೆ. ಚರ್ಚಿನಲ್ಲಿ ಚಿಕ್ಕದಾಗಿ ಕತ್ತರಿಸಿ ನುಡಿಸಿದ್ದ ಸ್ವರಗಳನ್ನು ಇಲ್ಲಿ ಮತ್ತೆ ಪೂರ್ತಿ ಉದ್ದಕ್ಕೆ ಹಿಗ್ಗಿಸಬೇಕಾಯಿತು, ಕಮಾನನ್ನು ತುದಿಯವರೆಗೂ ಬಳಸಬೇಕಾಯಿತು. ಸಣ್ಣ ತಪ್ಪೂ ಕೊನೆಯ ಸಾಲಿಗೆ ಕೇಳಿಸುತ್ತಿತ್ತು. ರೊಸ್ಸೀನಿ ಮಾತ್ರ ತನ್ನ ಮನೆಗೆ ಮರಳಿದ ಹಾಗಿತ್ತು, ಜನ ಕುಳಿತಲ್ಲೇ ನಕ್ಕರು.

ತಸ್ಕನಿಯಲ್ಲಿ ನಮ್ಮ ವಸತಿ ಮೊಂತೆಕತೀನಿ ತೆರ್ಮೆ ಎಂಬ ಬಿಸಿನೀರ ಬುಗ್ಗೆಗಳ ಊರಿನಲ್ಲಿ. ಹೋಟೆಲುಗಳು ಧಾರಾಳವಾಗಿರುವುದರಿಂದ ಹಾಡುವ, ನುಡಿಸುವ ತಂಡಗಳು ಇಲ್ಲಿ ತಂಗಿ ಲುಕ್ಕಾ, ಫ್ಲಾರೆನ್ಸ್‌ಗಳಿಗೆ ಹೋಗಿಬರುವುದು ವಾಡಿಕೆ. ಬಸ್ಸಿನ ಚಾಲಕರ ವಿಶ್ರಾಂತಿಯೇ ನಮ್ಮ ದಿನಚರಿಯನ್ನು ನಿರ್ಧರಿಸುತ್ತಿತ್ತು. ಯುರೋಪಿಯನ್ ಒಕ್ಕೂಟದ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಮುಕ್ಕಾಲು ಗಂಟೆ ಬಿಡುವು, ದಿನಕ್ಕೆ ಸಾಮಾನ್ಯವಾಗಿ 11 ಗಂಟೆಗಳ ವಿಶ್ರಾಂತಿ ಕಡ್ಡಾಯ. ಇಟಲಿಯಲ್ಲಿ ಬೇಸಿಗೆಯ ಕಛೇರಿಗಳು ರಾತ್ರಿ ಒಂಬತ್ತಕ್ಕೆ ಆರಂಭವಾಗುವುದರಿಂದ, ವಾದ್ಯಗಳನ್ನು ತುಂಬಿಸಿ ಹೋಟೆಲ್ ಸೇರುವಾಗ ಮಧ್ಯರಾತ್ರಿ ಮೀರುತ್ತಿತ್ತು. ಮರುದಿನ ಮಧ್ಯಾಹ್ನದ ಹೊತ್ತಿಗಷ್ಟೇ ಹೊರಡಬಹುದಿತ್ತು. ಇಂಥ ಪ್ರವಾಸ ಯೋಜಿಸುವವರು ಊರುಗಳ ಪಟ್ಟಿ ಮಾಡುವ ಮೊದಲು ಈ ಲೆಕ್ಕ ಹಾಕುವುದು ಒಳ್ಳೆಯದು. ಹಳೆಯ ಪಟ್ಟಣಗಳ ಒಳಭಾಗಕ್ಕೆ ದೊಡ್ಡ ವಾಹನಗಳಿಗೆ ಪ್ರವೇಶವಿಲ್ಲದಿರುವುದರಿಂದ ಡಬಲ್ ಬಾಸ್, ಟಿಂಪನಿಗಳನ್ನು ಕಲ್ಲುಹಾಸಿನ ಬೀದಿಗಳಲ್ಲಿ ತಳ್ಳಿಕೊಂಡು ಹೋಗಬೇಕಾಗುತ್ತದೆ. ಭಾರ ಮತ್ತು ವೆಚ್ಚ ಎರಡನ್ನೂ ನೋಡಿ ನಿರ್ದೇಶಕರು ಟ್ರೊಂಬೋನ್ ಎಂಬ ದೊಡ್ಡ ಹಿತ್ತಾಳೆ ವಾದ್ಯ ಬೇಡದ ಕೃತಿಗಳನ್ನೇ ಆರಿಸಿದ್ದರು, ಆ ವಾದಕರು ಊರಿನಲ್ಲೇ ಉಳಿಯಬೇಕಾಯಿತು.

ಫ್ಲಾರೆನ್ಸಿನ ಅಕಾಡೆಮಿಯಾ ಗ್ಯಾಲರಿಯಲ್ಲಿ ಎಲ್ಲರೂ ಮಿಕೆಲಾಂಜೆಲೊನ ಡೇವಿಡ್ ಮೂರ್ತಿಯ ಕಡೆ ನಡೆದಾಗ ವಿಯೋಲಾ ವಾದಕರು ಪಕ್ಕದ ವಾದ್ಯಗಳ ಕೋಣೆಗೆ ಹೋದರು. ಅಲ್ಲಿ ಸ್ತ್ರಾದಿವಾರಿಯು 1690ರಲ್ಲಿ ರಾಜಕುಮಾರ ಫೆರ್ದಿನಾಂದೊ ದೆ ಮೆದಿಚಿಗಾಗಿ ಮಾಡಿದ ದೊಡ್ಡ ಗಾತ್ರದ ವಿಯೋಲಾ ಇದೆ. ಆ ಕಾಲದ ಬಹುತೇಕ ವಾದ್ಯಗಳ ಕತ್ತನ್ನು ನಂತರದ ತಲೆಮಾರುಗಳು ಹೆಚ್ಚಿನ ಬಿಗುವಿಗಾಗಿ ಬದಲಾಯಿಸಿದರೆ, ಇದು ಮೂಲರೂಪದಲ್ಲೇ ಉಳಿದಿದೆ. ಪಿಯಾನೊವನ್ನು ಕಂಡುಹಿಡಿದ ಕ್ರಿಸ್ತೊಫೊರಿ ಸೇವೆಯಲ್ಲಿದ್ದದ್ದೂ ಇದೇ ರಾಜಕುಮಾರನ ಬಳಿ, ನಾವು ದಿನವೂ ನುಡಿಸುತ್ತಿದ್ದ ಕಾನ್ಸರ್ಟೊ ಇರುವ ಸಂಗ್ರಹವನ್ನು ವಿವಾಲ್ದಿ ಅರ್ಪಿಸಿದ್ದೂ ಇವನಿಗೇ. ಅಲ್ಲಿಂದ ಗುಡ್ಡ ಹತ್ತಿದರೆ ಫಿಯೆಸೊಲೆ. ಕ್ವಾರ್ತೆತ್ತೊ ಇತಾಲಿಯಾನೊ ಎಂಬ ನಾಲ್ವರು ತಂತಿವಾದಕರ ತಂಡದ ವಿಯೋಲಾ ವಾದಕ ಪಿಯೆರೊ ಫರುಲ್ಲಿ 1974ರಲ್ಲಿ ಅಲ್ಲಿ ಸಂಗೀತ ಶಾಲೆ ತೆರೆದರು, ಹತ್ತು ವರ್ಷಗಳ ಬಳಿಕ ಅದೇ ಶಾಲೆಯಿಂದ ಇಟಲಿಯ ಯುವ ವಾದ್ಯವೃಂದ ಹುಟ್ಟಿತು. ವಾದ್ಯವೃಂದದಲ್ಲಿ ಸದಾ ಹಿನ್ನೆಲೆಯಲ್ಲಿರುವ ವಿಯೋಲಾದ ಮಕ್ಕಳಿಗೆ ಆ ದಿನ ಸಿಕ್ಕ ಹುಮ್ಮಸ್ಸನ್ನು ಅವರ ನಡಿಗೆಯಲ್ಲೇ ಕಾಣಬಹುದಿತ್ತು.

ಬಯಲಿನಲ್ಲಿ ನಡೆದ ಒಂದೇ ಕಛೇರಿ ಅತ್ಯಂತ ಕಠಿಣವಾದದ್ದು. ತಸ್ಕನಿಯ ಸಣ್ಣ ಊರಿನ ಚೌಕದಲ್ಲಿ, ಸ್ವರಲಿಪಿಯ ಹಾಳೆಗಳನ್ನು ಬಟ್ಟೆಯ ಕ್ಲಿಪ್ಪುಗಳಿಂದ ಬಿಗಿದು ನುಡಿಸಿದರು. ಹೊರಟ ಧ್ವನಿ ಮರಳಿ ಬರುವುದೇ ಇಲ್ಲ. ಆಚೆ ತುದಿಯ ಡಬಲ್ ಬಾಸ್ ಈಚೆಯ ವಯಲಿನ್ನಿಗೆ ಕೇಳಿಸದು. ಸಿಂಫನಿಯ ಕೊನೆಯ ಭಾಗ ರೋಮಿನ ಸಾಲ್ತರೆಲ್ಲೊ ಎಂಬ ಕುಣಿತದ ಲಯದಲ್ಲಿದೆ, ಬಿಡುವಿಲ್ಲದೆ ಓಡುತ್ತದೆ. ಕಿವಿಯ ಆಸರೆ ತಪ್ಪಿದ ಮಕ್ಕಳು ಮುಂದಿನವರ ಕಮಾನಿನ ಚಲನೆಯನ್ನೂ ಉಸಿರನ್ನೂ ನೋಡಿ ಅದನ್ನು ಹಿಡಿದಿಟ್ಟುಕೊಂಡರು. ನಿಧಾನಗತಿಯ ಎರಡನೆಯ ಭಾಗ ಮುಗಿಯುತ್ತಿದ್ದಂತೆ ಗಂಟೆಗೋಪುರ ಹತ್ತು ಬಾರಿಸಿತು. ನಿರ್ದೇಶಕರು ಕೋಲು ಇಳಿಸಿ, ಹತ್ತೂ ಏಟು ಮುಗಿಯುವವರೆಗೆ ಕಾದು, ಮೂರನೆಯ ಭಾಗಕ್ಕೆ ಕೈಯೆತ್ತಿದರು.

ಕೊನೆಯ ಕಛೇರಿ ರೋಮಿನಲ್ಲಿ, ಮತ್ತೆ ಒಂದು ಚರ್ಚಿನಲ್ಲಿ. ಅಲ್ಲಿನ ತಾಲೀಮು ಬಹಳ ಹೊತ್ತು ಹಿಡಿಯಲಿಲ್ಲ. ನಿರ್ದೇಶಕರು ಬಾಯಿ ತೆರೆಯುವ ಮೊದಲೇ ಹಾರ್ನ್ ವಾದಕರು ಹಿಂದಿನ ಗೋಡೆಯನ್ನು ಒಮ್ಮೆ ನೋಡಿ ಕುರ್ಚಿಗಳನ್ನು ಸರಿಸಿಕೊಂಡರು. ಟಿಂಪನಿಯ ಹುಡುಗ ಚಪ್ಪಾಳೆ ತಟ್ಟಿ, ಕಿವಿಗೊಟ್ಟು, ಕೋಲು ಬದಲಿಸಿದ. ವಿಯೋಲಾದಿಂದ ಒಬ್ಬಳು ತಾನಾಗಿಯೇ ಎದ್ದು ಬೆಂಚುಗಳ ಕಡೆ ನಡೆದಳು. ರಾತ್ರಿ ಇಂಟರ್ಮೆತ್ಸೊ ನುಡಿಸಿದಾಗ, 1890ರಲ್ಲಿ ಅದು ಮೊದಲು ಕೇಳಿಬಂದ ಊರಿನ ಜನ ಮುಂದಿನ ಸಾಲುಗಳಲ್ಲಿ ಮೆಲ್ಲಗೆ ಗುನುಗತೊಡಗಿದರು, ಮತ್ತು ವಾದ್ಯವೃಂದ ಆ ಗುನುಗಿಗೂ ಜಾಗ ಬಿಟ್ಟು ತನ್ನ ದನಿಯನ್ನು ಇನ್ನಷ್ಟು ತಗ್ಗಿಸಿತು. ಹಾಗೆ ಮಾಡಿರೆಂದು ಯಾರೂ ಸನ್ನೆ ಮಾಡಿರಲಿಲ್ಲ.

ಮುಂದಿನ ಪ್ರವಾಸದ ಮಾತು ಈಗಾಗಲೇ ಆರಂಭವಾಗಿದೆ. ಮರಳುವ ದಾರಿಯಲ್ಲಿ ಹಿರಿಯ ಮಕ್ಕಳೇ ನಿರ್ದೇಶಕರ ಮುಂದೆ ಒಂದು ಬೇಡಿಕೆಯಿಟ್ಟರು: ಕಾರ್ಯಕ್ರಮವನ್ನು ಗಾಬ್ರಿಯೇಲಿಯ 1597ರ ಆ ಸೊನಾಟಾದಿಂದ ಆರಂಭಿಸಬೇಕು, ಎಂಟು ವಾದಕರನ್ನು ಎರಡು ಗುಂಪು ಮಾಡಿ ಎದುರುಬದುರು ಅಟ್ಟಗಳಲ್ಲಿ ನಿಲ್ಲಿಸಬೇಕು. ಆ ಎಂಟು ಭಾಗಗಳಲ್ಲಿ ಆರು ಟ್ರೊಂಬೋನಿನವು. ನಿರ್ದೇಶಕರು ಒಪ್ಪಿದ್ದಾರೆ; ಎದುರುಬದುರು ಅಟ್ಟಗಳಿರುವ ಚರ್ಚುಗಳನ್ನು ಹುಡುಕಿ ಪತ್ರ ಬರೆಯುವ ಕೆಲಸ ಪೋಷಕರಾದ ನಮ್ಮ ಪಾಲಿಗೆ ಬಂದಿದೆ.